ಈಡಿಗೆ 14 ರೂಪಾಯಿ: ಕೋವಿಗೆ ನಾವೇ ಮದ್ದು ತುಂಬಿದರೆ ಉಳಿತಾಯವಾ?

ನಮ್ಮದು ಶಿಕಾರಿಪುರ ತಾಲ್ಲೂಕಿನ ಉಡುಗಣಿ ಹೋಬಳಿ. ನೀರಾವರಿ ಇಲ್ಲದ 4 ಎಕರೆ ಹೊಲ. 3 ಎಕರೆಗೆ ಗೋವಿನಜೋಳ, ಉಳಿದದ್ದಕ್ಕೆ ರಾಗಿ, ಅವರೆ, ಮನೆಗೆ ಬೇಕಾದ್ದು. ಹೊಲದ ಮೇಲ್ತುದಿಗೆ ಅಕೇಶಿಯಾ ನೆಡುತೋಪು. ಹಗಲು ಹಂದಿಗಳು ಅಲ್ಲಿ ಮಲಗುತ್ತವೆ, ರಾತ್ರಿ ನಮ್ಮಲ್ಲಿ ಊಟಕ್ಕೆ ಬರುತ್ತವೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆ ಅಭ್ಯಾಸವಿಲ್ಲ. ಆದರೆ ಖರ್ಚು ಬರೆದಿಡುವ ಚಟ ಅಪ್ಪನಿಂದ ಬಂದಿದೆ. ಬೀಜ ಗೊಬ್ಬರದ ಜೊತೆ ಕೋವಿಯ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆಯುತ್ತಾ ಬಂದೆ. ಅದನ್ನೇ ಇಲ್ಲಿ ಇಡುತ್ತಿದ್ದೇನೆ.

ಬರೆಯಲು ಕಾರಣ ನಮ್ಮ ಅಣ್ಣನ ಮಗ. ಹೋದ ವರ್ಷ ಶಿರಾಳಕೊಪ್ಪದ ಸಂತೆಯಿಂದ ಬರುವಾಗ ಕೇಳಿದ: "ಚಿಕ್ಕಪ್ಪ, ತೋಟೆಯ ರೇಟು ವರ್ಷವರ್ಷ ಏರ್ತಾ ಇದೆ. ನಿಮ್ಮ ಥರ ಕೇಪಿನ ಕೋವಿಗೆ ನಾವೇ ತುಂಬಿಕೊಂಡ್ರೆ ದುಡ್ಡು ಉಳಿಯಲ್ವಾ? ಖಾಲಿ ತೋಟೆಯನ್ನೂ ಮನೇಲೇ ತುಂಬ್ತಾರಂತೆ, ಹೌದಾ?" ದಾರಿಯಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಮನೆಗೆ ಬಂದು ಪುಸ್ತಕ ತೆಗೆದೆ.

ಎರಡು ಕೋವಿ, ಎರಡು ಲೆಕ್ಕ

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಕಡೆ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿಗಳಲ್ಲಿ ಎರಡು ಜಾತಿ. ಒಂದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಚರೆ ಹಾಕಿ ಗಜದಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು. ಒಂದು ಈಡು ಹಾರಿದರೆ ಮತ್ತೆ ಮೊದಲಿಂದ ತುಂಬಬೇಕು. ಇನ್ನೊಂದು ತೋಟೆ ಕೋವಿ. ಕಾರ್ಖಾನೆಯಲ್ಲಿ ತಯಾರಾದ ತೋಟೆ ಹಾಕಿ ಹೊಡೆಯುವುದು. ಹನ್ನೆರಡು ಬೋರಿನ ತೋಟೆ ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯಿಂದ ಬರುತ್ತದೆ. ಶಕ್ತಿಮಾನ್ ಹೆಸರಿನದು ಹಳಬರಿಗೆಲ್ಲ ಗೊತ್ತು.

ನನ್ನದು ಕೇಪಿನ ಕೋವಿ, ಅಪ್ಪನ ಕಾಲದ್ದು. ಅಪ್ಪ 2004ರಲ್ಲಿ ತೀರಿಕೊಂಡ ಮೇಲೆ ವಾರಸುದಾರ ಅಂತ ಅರ್ಜಿ ಹಾಕಿ ನನ್ನ ಹೆಸರಿಗೆ ಮಾಡಿಸಿಕೊಂಡೆ. ನನ್ನ ಹೆಂಡತಿಯ ಅಣ್ಣ ಇರುವುದು ಸೊರಬದ ಚಂದ್ರಗುತ್ತಿ ಕಡೆ. ಅವರದು ಮಳೆ ನಂಬಿದ ಭತ್ತದ ಗದ್ದೆ, ಪಕ್ಕದಲ್ಲೇ ಕಾಡು. ಭಾವನ ಹತ್ತಿರ ಇರುವುದು ಒಂಟಿ ನಳಿಗೆಯ ತೋಟೆ ಕೋವಿ. ಹಬ್ಬಕ್ಕೆ ಸೇರಿದಾಗ ಯಾರದು ಅಗ್ಗ ಅಂತ ನಮ್ಮಿಬ್ಬರ ಜಗಳ ಇದ್ದದ್ದೇ. 2017ರ ಮಳೆಗಾಲದಲ್ಲಿ ಪಂತ ಹಾಕಿದಂತೆ ಇಬ್ಬರೂ ಪೂರಾ ಹಂಗಾಮಿನ ಲೆಕ್ಕ ಬರೆದಿಟ್ಟೆವು.

ಆ ವರ್ಷ ನಾನು ಕೊಂಡ ದರದಲ್ಲಿ ಮದ್ದು, ಕೇಪು, ಚರೆ ಸೇರಿ ಒಂದು ಈಡಿಗೆ 14 ರೂಪಾಯಿ ಬಿತ್ತು. ಭಾವ ಕೊಂಡ ತೋಟೆ ಒಂದಕ್ಕೆ 80 ರೂಪಾಯಿ. ಇಷ್ಟು ನೋಡಿದರೆ ಮಾತೇ ಇಲ್ಲ, ನಾನು ಗೆದ್ದೆ. ತೆನೆ ಹಾಲುಗಾಳಾದಾಗಿನಿಂದ ಮುರಿಯುವ ತನಕ 62 ಈಡು ಹಾರಿಸಿದೆ. 62 ಸಲ 14 ಅಂದರೆ 868 ರೂಪಾಯಿ. ಅಷ್ಟೇ ತೋಟೆ ಹಾರಿಸಿದ್ದರೆ 4,960 ಆಗುತ್ತಿತ್ತು. ಉಳಿದದ್ದು 4,092 ರೂಪಾಯಿ. ದೀಪಾವಳಿಗೆ ಭಾವನ ಮನೆಗೆ ಹೋದಾಗ ಇದನ್ನೇ ಹೇಳಿ ಬೀಗಿದೆ.

ಭಾವ ಕೇಳಿದ್ದು ಒಂದೇ ಮಾತು. "ಶಿವಮೊಗ್ಗಕ್ಕೆ ಎಷ್ಟು ಸಲ ಹೋಗಿದ್ರಿ?"

ಅದು ನನ್ನ ಪುಸ್ತಕದಲ್ಲಿ ಬೇರೆ ಹಾಳೆಯಲ್ಲಿತ್ತು. ಮದ್ದಿಗೆ ಲೈಸೆನ್ಸ್ ಇದ್ದ ಅಂಗಡಿಗೇ ಹೋಗಬೇಕು, ಪುಸ್ತಕದಲ್ಲಿ ಬರೆಸಬೇಕು. ಮಳೆಗಾಲದ ಮೊದಲು ಒಮ್ಮೆ ತಂದೆ. ಅದು ತಂಪು ಹಿಡಿಯಿತು ಅಂತ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಹೋದೆ. ಬಸ್ಸು, ಊಟ ಸೇರಿ ಸಲಕ್ಕೆ 260, ಎರಡು ಸಲಕ್ಕೆ 520. ಎರಡು ದಿನದ ಕೂಲಿ ಹೋಯಿತು, ದಿನಕ್ಕೆ 400ರ ಲೆಕ್ಕದಲ್ಲಿ 800. ತಂಪು ಹಿಡಿದು ಕೆಲಸಕ್ಕೆ ಬಾರದ ಮದ್ದು 300 ರೂಪಾಯಿಯದು. ಕೇಪು ಕೂರುವ ಜಾಗ ಸವೆದು ಲೈಸೆನ್ಸ್ ಇರುವ ರಿಪೇರಿಯವರಲ್ಲಿ ಬದಲಾಯಿಸಿದ್ದು 650. ಎಲ್ಲ ಸೇರಿ 3,138 ರೂಪಾಯಿ. 62ರಿಂದ ಭಾಗಿಸಿದರೆ ಈಡಿಗೆ 50 ರೂಪಾಯಿ 61 ಪೈಸೆ. 14 ರೂಪಾಯಿ ಎಲ್ಲಿ ಹೋಯಿತು ನೋಡಿ.

ಭಾವ ಆ ಹಂಗಾಮಿಗೆ ಹಾರಿಸಿದ್ದು 14 ತೋಟೆ, 1,120 ರೂಪಾಯಿ. ತರಲು ಒಂದು ಸಲ ಹೋಗಿದ್ದರು, ಖರ್ಚು ಕೂಲಿ ಸೇರಿ 660. ಒಟ್ಟು 1,780. ಅವರ ಒಂದು ಈಡಿಗೆ 127 ರೂಪಾಯಿ ಬಿದ್ದಿದೆ, ನನ್ನದರ ಎರಡೂವರೆ ಪಟ್ಟು. ಆದರೆ ಹಂಗಾಮಿನ ಖರ್ಚಿನಲ್ಲಿ ಅವರದು ನನಗಿಂತ 1,358 ರೂಪಾಯಿ ಕಡಿಮೆ!

ಯಾಕೆ ಹೀಗಾಯಿತು ಅಂತ ಆಮೇಲೆ ಯೋಚಿಸಿದೆ. ತೋಟೆಗೆ 80 ರೂಪಾಯಿ ಅಂತ ಭಾವ ಹಂದಿ ಗದ್ದೆಯ ಅಂಚಿಗೆ ಬಂದದ್ದು ಖಾತ್ರಿಯಾಗುವವರೆಗೆ ಕುದುರೆ ಎಳೆಯುವುದಿಲ್ಲ. ನನಗೆ 14 ರೂಪಾಯಿ ತಾನೇ ಅಂತ ಎಲೆ ಅಲ್ಲಾಡಿದರೂ ಒಂದು ಈಡು. ನಿದ್ದೆ ಬಂದರೆ ಎಚ್ಚರ ಇರಲಿ ಅಂತ ಇನ್ನೊಂದು. ಅಮೆರಿಕಾದಲ್ಲಿರುವ ನಮ್ಮ ನೆಂಟರ ಹುಡುಗನಿಗೆ ಈ ಕಥೆ ಹೇಳಿದಾಗ ಅವನು ನಕ್ಕ. ಅಲ್ಲಿ ಗುರಿ ಹೊಡೆಯುವ ಹವ್ಯಾಸದವರು ವರ್ಷಕ್ಕೆ ಸಾವಿರಗಟ್ಟಲೆ ಗುಂಡು ಹಾರಿಸುತ್ತಾರಂತೆ. ಹಾರಿದ ಹಿತ್ತಾಳೆ ಕೊಳವೆಯನ್ನೇ ಮನೆಯಲ್ಲಿ ಮತ್ತೆ ಮತ್ತೆ ತುಂಬುತ್ತಾರೆ. ಅದಕ್ಕೆ ಒತ್ತುವ ಯಂತ್ರ, ಚಿನ್ನ ತೂಗುವಂಥ ತಕ್ಕಡಿ, ಅಳತೆಯ ಪುಸ್ತಕ ಎಲ್ಲ ಅಂಗಡಿಯಲ್ಲೇ ಸಿಗುತ್ತವೆ, ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೂ ಅವರವರಲ್ಲೇ ಒಂದು ತಮಾಷೆಯ ಮಾತಿದೆಯಂತೆ, ಮನೆಯಲ್ಲಿ ತುಂಬಿದರೆ ದುಡ್ಡು ಉಳಿಯುವುದಿಲ್ಲ, ಅದೇ ದುಡ್ಡಿಗೆ ಹೆಚ್ಚು ಹಾರಿಸುತ್ತೇವೆ ಅಂತ. ಅಪರೂಪದ, ದುಬಾರಿ ಗುಂಡಾದರೆ ಉಳಿಯುತ್ತದೆ, ಸಾಮಾನ್ಯ ಹನ್ನೆರಡು ಬೋರಿನ ತೋಟೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ ಅಂದ. ಅಲ್ಲಿಯದೂ ಉಡುಗಣಿಯದೂ ಒಂದೇ ಲೆಕ್ಕ ಅಂತಾಯಿತು.

ಖಾಲಿ ತೋಟೆ ತುಂಬುವ ಮಾತು

ಅಣ್ಣನ ಮಗ ಕೇಳಿದ ಎರಡನೇ ಪ್ರಶ್ನೆ ಇದು. ಅದಕ್ಕೆ ನನ್ನ ಉತ್ತರ ಬೇಡ ಅಂತಲೇ. ಹಿಂದೆ ಹಿತ್ತಾಳೆ ತೋಟೆಗಳ ಕಾಲದಲ್ಲಿ ಮಲೆನಾಡಿನಲ್ಲಿ ಇದು ನಡೆಯುತ್ತಿತ್ತು, ಕೇಳಿದ್ದೇನೆ, ಕಂಡೂ ಇದ್ದೇನೆ. ಈಗಿನ ಕಾನೂನಿನಲ್ಲಿ ನಮ್ಮ ಲೈಸೆನ್ಸ್ ಇರುವುದು ಕೋವಿ ಇಟ್ಟುಕೊಳ್ಳಲು, ಗೊತ್ತುಪಡಿಸಿದಷ್ಟು ಮದ್ದುಗುಂಡು ಕೊಳ್ಳಲು. ತಯಾರಿಸಲು ಅಲ್ಲ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ 1959ರ ಆಯುಧ ಕಾಯಿದೆಯಲ್ಲಿ ಶಿಕ್ಷೆ ಇದೆ. 2019ರ ತಿದ್ದುಪಡಿ ಆದ ಮೇಲೆ ಅದು ಕಡಿಮೆ ಅಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ. ತೋಟೆಯಲ್ಲಿ ಐವತ್ತು ರೂಪಾಯಿ ಉಳಿಸಲು ಹೋಗಿ ಏಳು ವರ್ಷ ಹೊಲ ಬೀಳು ಬಿಡುವ ಬಾಬತ್ತು.

ಕಾನೂನು ಆಮೇಲೆ, ಮೊದಲು ಕೈ ಉಳಿಯಬೇಕು. 2009ರಲ್ಲಿ ನಮ್ಮ ಪಕ್ಕದ ಹಳ್ಳಿಯ ಒಬ್ಬರು ಹೀಗೆ ತುಂಬಿದ ತೋಟೆ ಹಾಕಿ ಹೊಡೆದಾಗ ಕೋವಿಯ ಹಿಂಭಾಗವೇ ಒಡೆಯಿತು. ಎಡಗೈಯ ಮೂರು ಬೆರಳು ಹೋದವು. ಕೇಪಿನ ಕೋವಿಯ ಕರಿಮದ್ದು ಬೇರೆ, ತೋಟೆಯೊಳಗಿನ ಮದ್ದು ಬೇರೆ, ಎರಡರ ಜೋರೂ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಬಿದ್ದರೆ ನಳಿಗೆ ತಡೆಯುವುದಿಲ್ಲ. ಅವರು ಮೂರ್ಖರಲ್ಲ, ಊರಿಗೆಲ್ಲ ನೇಗಿಲು ಕುಂಟೆ ಮಾಡಿಕೊಡುತ್ತಿದ್ದ ಕೈ ಅದು. ಆಸ್ಪತ್ರೆ ಖರ್ಚಿಗೆ ಒಂದು ಜೊತೆ ಎತ್ತು ಮಾರಿದರು. ಆಮೇಲೆ ನೇಗಿಲು ಮಾಡುವುದಕ್ಕೂ ಆಗಲಿಲ್ಲ. ಎಷ್ಟು ಮದ್ದು, ಹೇಗೆ ತುಂಬುವುದು ಎಂಬುದನ್ನು ಈ ಲೇಖನದಲ್ಲಿ ಎಲ್ಲಿಯೂ ಬರೆದಿಲ್ಲ. ಓದಿ ಕಲಿಯುವ ವಿದ್ಯೆಯಲ್ಲ ಅದು.

ಈಡಿಗಿಂತ ದೊಡ್ಡ ಖರ್ಚು ನಿದ್ದೆ

2017ರ ಲೆಕ್ಕಕ್ಕೇ ಬರುತ್ತೇನೆ. ನಾನು ಅಟ್ಟಣಿಗೆಯಲ್ಲಿ ಕೂತದ್ದು 42 ರಾತ್ರಿ. ಬೇರೆಯವರನ್ನು ಕೂರಿಸಿದ್ದರೆ ರಾತ್ರಿಗೆ 300 ಕೊಡಬೇಕಿತ್ತು, 12,600 ರೂಪಾಯಿ. ಕೋವಿಯ ಖರ್ಚು 3,138 ಸೇರಿಸಿದರೆ 15,738. ಇದರಲ್ಲಿ ನಾನು ಬೀಗಿದ ಮದ್ದು, ಕೇಪು, ಚರೆಯ ಪಾಲು 868. ನೂರಕ್ಕೆ ಐದೂವರೆ! ಅಷ್ಟು ಚಿಕ್ಕ ಬಾಬತ್ತಿನಲ್ಲಿ ಉಳಿಸಲು ನಾನು ಹತ್ತಾರು ವರ್ಷ ತಲೆ ಕೆಡಿಸಿಕೊಂಡಿದ್ದೆ.

ಇಷ್ಟೆಲ್ಲ ಮಾಡಿಯೂ ಆ ವರ್ಷ ಹಂದಿಗೆ ಹೋದದ್ದು ನನ್ನ ಅಂದಾಜಿನಲ್ಲಿ 4 ಕ್ವಿಂಟಾಲ್. ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 1,425 ಇತ್ತು. ನನಗೆ ಸಿಕ್ಕಿದ್ದು 1,150. ಅಂದರೆ 4,600 ರೂಪಾಯಿಯ ಜೋಳ ಹೋಯಿತು.

ಮರುವರ್ಷ ದೇವರೇ ಒಂದು ಪರೀಕ್ಷೆ ಇಟ್ಟ. ಚುನಾವಣೆ ಬಂದರೆ ಲೈಸೆನ್ಸ್ ಕೋವಿಯನ್ನು ಠಾಣೆಯಲ್ಲಿ ಇಡಬೇಕು ಎಂಬುದು ಓದುಗರಿಗೆ ಗೊತ್ತಿದೆ. 2018ರ ಮೇ 12ರ ವಿಧಾನಸಭೆ ಚುನಾವಣೆಗೆ ಒಮ್ಮೆ ಇಟ್ಟು ಬಂದಿದ್ದೆ. ಅದು ಬೇಸಿಗೆ, ಹೊಲ ಖಾಲಿ, ತೊಂದರೆ ಆಗಲಿಲ್ಲ. ಆದರೆ ಅದೇ ವರ್ಷ ನವೆಂಬರ್ 3ಕ್ಕೆ ನಮ್ಮ ಶಿವಮೊಗ್ಗ ಲೋಕಸಭೆ ಕ್ಷೇತ್ರದ ಉಪಚುನಾವಣೆ ಬಂತು. ತೆನೆ ಗಟ್ಟಿಯಾಗುವ ಅಕ್ಟೋಬರ್ ತಿಂಗಳಲ್ಲಿ ಕೋವಿ ಠಾಣೆಯ ಗೋಡೆಗೆ. ಬೆಳೆ ಕಾಯಲು ಕೊಟ್ಟ ಲೈಸೆನ್ಸು, ಬೆಳೆ ಇರುವಾಗ ಕೋವಿ ಇಲ್ಲ! ಸಿಟ್ಟು ಬಂದದ್ದು ನಿಜ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ನಮಗೆ ಆ ಭಾಗ್ಯವಿಲ್ಲ.

ಕೋವಿ ಇಲ್ಲದ ಆ ಹಂಗಾಮಿನಲ್ಲಿ ನಾನು ಮಾಡಿದ್ದು ಇಷ್ಟು. ಎಣ್ಣೆ ಡಬ್ಬ ಬಡಿದೆ, ದೊಡ್ಡ ಬ್ಯಾಟರಿ ಬಿಟ್ಟೆ, ನಾಯಿ ಕಟ್ಟಿದೆ. ಕತ್ತದ ಹಗ್ಗಕ್ಕೆ ಗೇಣಿಗೊಂದರಂತೆ ಪಟಾಕಿ ಸಿಕ್ಕಿಸಿ ತುದಿಗೆ ಕಿಡಿ ಹಚ್ಚಿ, ತೇವ ಇರುವ ಬದುವಿನ ಮೇಲೆ ಇಳಿಬಿಟ್ಟೆ. ಹಗ್ಗ ನಿಧಾನ ಹೊಗೆಯಾಡುತ್ತಾ ಹೋಗಿ ಆಗೊಮ್ಮೆ ಈಗೊಮ್ಮೆ ಢಂ ಅನ್ನುತ್ತದೆ. ನಾನು ಮಲಗಿದ್ದರೂ ಸದ್ದು ನಡೆಯುತ್ತದೆ. ಒಣಹುಲ್ಲಿನ ಕಾಲದಲ್ಲಿ ಮಾತ್ರ ಇದು ಕೂಡದು, ಬೆಂಕಿ ಬೀಳುತ್ತದೆ. ಪಟಾಕಿಗೆ ಆದದ್ದು 1,150 ರೂಪಾಯಿ.

ಆ ವರ್ಷ ಹಂದಿಗೆ ಹೋದದ್ದು 5 ಕ್ವಿಂಟಾಲ್. ಕೋವಿ ಇದ್ದಾಗ 4, ಇಲ್ಲದಾಗ 5. ಒಂದು ವರ್ಷದ ಲೆಕ್ಕ ಹಿಡಿದು ತೀರ್ಮಾನ ಹೇಳಬಾರದು. ಹಂದಿ ಹಿಂಡು ಒಂದು ವರ್ಷ ದೊಡ್ಡದಿರುತ್ತದೆ, ಒಂದು ವರ್ಷ ಆಚೆ ಊರಿನ ಕಡೆ ಇರುತ್ತದೆ. ಆದರೂ ಅಪ್ಪನ ಕೋವಿ ನನ್ನ ಹೊಲ ಕಾಯುತ್ತಿದೆ ಅಂತ ನಾನು ನಂಬಿದ್ದು ಎಷ್ಟು? ಒಂದು ಕ್ವಿಂಟಾಲಿನಷ್ಟು. ಆ ರಾತ್ರಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ.

ಸದ್ದಿಗೇ ಆದರೆ ಚರೆ ಯಾಕೆ?

ಇನ್ನೊಂದು ವಿಷಯ ನಾವು ರೈತರು ಬಾಯಿ ಬಿಟ್ಟು ಮಾತಾಡುವುದಿಲ್ಲ. ಶಿಕಾರಿಪುರ ಎಂಬ ಹೆಸರೇ ಶಿಕಾರಿಯಿಂದ ಬಂತು ಅಂತ ಹಿರಿಯರು ಹೇಳುತ್ತಾರೆ. ಅಪ್ಪನ ಪ್ರಾಯದಲ್ಲಿ ಹೊಲಕ್ಕೆ ಬಂದ ಹಂದಿ ಹೊಡೆದರೆ ಊರಿಗೆಲ್ಲ ಪಾಲು. ಆಗ ಈಡಿನ ಖರ್ಚಿಗೆ ಆದಾಯವೂ ಇತ್ತು ಅನ್ನಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಲೆಕ್ಕ ಮುಗಿಯಿತು. ಬೆಳೆ ರಕ್ಷಣೆ ಅಂತ ಲೈಸೆನ್ಸ್ ಇದ್ದರೂ ಹಂದಿ ಕೊಲ್ಲಲು ಅದು ಅನುಮತಿಯಲ್ಲ. ಕಾಯಿದೆಯ 11ನೇ ಕಲಮಿನಲ್ಲಿ, ಬೆಳೆಗೆ ಅಪಾಯವಾದ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಆದೇಶ ಇಲ್ಲದೆ ಹೊಡೆದರೆ ಅಪರಾಧ. 2022ರ ತಿದ್ದುಪಡಿ ಜಾರಿಯಾದ 2023ರ ಏಪ್ರಿಲಿನಿಂದ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನವಿಲು, ನಮ್ಮ ಕೆಂಪುಮುಖದ ಮಂಗ ಮೊದಲನೇ ಅನುಸೂಚಿಯಲ್ಲಿ, ಅಂದರೆ ಹುಲಿಯ ಸಾಲಿನಲ್ಲಿ. ಕೇರಳದಲ್ಲಿ 2022ರಲ್ಲಿ ಹಂದಿ ವಿಚಾರದ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕೊಟ್ಟರು.

ಸೊರಬದವರು ಇನ್ನೊಂದು ಗಮನಿಸಬೇಕು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಗುಡವಿ ಪಕ್ಷಿಧಾಮ ನಿಮ್ಮ ತಾಲ್ಲೂಕಿನಲ್ಲೇ ಇದೆ.

ಹಾಗಾದರೆ ನಾವು ಹಾರಿಸುವುದು ಸದ್ದಿಗೆ ಮಾತ್ರ. ಸದ್ದಿಗೆ ಚರೆ ಬೇಡ. ನನ್ನ 14 ರೂಪಾಯಿಯಲ್ಲಿ ಅರ್ಧ ಚರೆಯದೇ. 7 ರೂಪಾಯಿಯ ಸದ್ದಿಗೆ ಕೋವಿ, ಲೈಸೆನ್ಸು, ನವೀಕರಣ, ಠಾಣೆ ಇಷ್ಟೆಲ್ಲ ಯಾಕೆ? ಪಟಾಕಿ ಸಾಕಲ್ಲ. ಹಂದಿಗೂ ಬುದ್ಧಿ ಇದೆ. ಮೊದಲ ವಾರ ಸದ್ದಿಗೆ ಓಡುತ್ತದೆ, ಮೂರನೇ ವಾರ ತಲೆ ಎತ್ತಿ ನೋಡಿ ಮತ್ತೆ ತಿನ್ನುತ್ತದೆ. ಕೋವಿಯ ಸದ್ದಾದರೂ ಅಷ್ಟೇ, ಪಟಾಕಿಯದಾದರೂ ಅಷ್ಟೇ.

ಪೈಪಿನಲ್ಲಿ ಕಾರ್ಬೈಡ್ ಹಾಕಿ ಹೊಡೆಯುವ ಕೋವಿಯೂ ಈಗ ಬಂದಿದೆ, ಅದಕ್ಕೆ ಲೈಸೆನ್ಸ್ ಬೇಡ, ಅಗ್ಗ ಅಂತ ಹುಡುಗರು ತರುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ ನೂರಕ್ಕೂ ಹೆಚ್ಚು ಮಕ್ಕಳ ಕಣ್ಣಿಗೆ ಗಾಯವಾಯಿತು, ಕೆಲವರ ದೃಷ್ಟಿಯೇ ಹೋಯಿತು. ಹೊತ್ತಲಿಲ್ಲ ಅಂತ ಒಳಗೆ ಇಣುಕುವಾಗ ಹೊತ್ತಿಕೊಳ್ಳುತ್ತದೆ. ಹಣ್ಣು, ಹಿಟ್ಟಿನೊಳಗೆ ಸಿಡಿಮದ್ದು ಇಡುವುದಂತೂ ಪಾಪದ ಕೆಲಸ. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗಬ್ಬದ ಆನೆ ಬಾಯಿ ಸಿಡಿದು ಹೊಳೆಯಲ್ಲಿ ನಿಂತು ಸತ್ತದ್ದು ಎಲ್ಲರೂ ಕೇಳಿದ ಸುದ್ದಿ. ನಮ್ಮಲ್ಲಿ ಅದನ್ನು ಕಚ್ಚುವುದು ಹೆಚ್ಚಾಗಿ ಮೇಯಲು ಬಿಟ್ಟ ಹಸು.

2019ರ ಆ ರಾತ್ರಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಲೆಕ್ಕ ಪೂರ್ತಿ ಆಗುವುದಿಲ್ಲ.

2019ರ ಆಗಸ್ಟಿನಲ್ಲಿ ಸುರಿದ ಮಳೆ ನೆನಪಿರಬಹುದು. ಮದ್ದನ್ನು ಎಷ್ಟೇ ಕಟ್ಟಿಟ್ಟರೂ ತಂಪು ಹಿಡಿದಿತ್ತು. ಬಿಸಿಲಿಗೆ ಒಣಗಿಸಿ, ಎಸೆಯಲು ಮನಸ್ಸು ಬಾರದೆ ಅದನ್ನೇ ಬಳಸಿದೆ. 300 ರೂಪಾಯಿ ಉಳಿಸುವ ಆಸೆ. ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಅಟ್ಟಣಿಗೆಯಲ್ಲಿ ನಾನು, ಮಗ ಇದ್ದೆವು. ಅವನಿಗೆ ಆಗ 19. ಕೆಳಗೆ ತೆನೆ ಮುರಿಯುವ ಸದ್ದು ಕೇಳಿತು. ಮಗ ಇಳಿದು ಬ್ಯಾಟರಿ ಬಿಟ್ಟ. ನಾನು ಮೇಲಕ್ಕೆ ಗುರಿ ಮಾಡಿ ಕುದುರೆ ಬಿಟ್ಟೆ. ಕೇಪು ಚಟ್ ಅಂತು, ಅಷ್ಟೇ. ಹೊತ್ತಲಿಲ್ಲ. ಇದು ದಿನವೂ ಆಗುತ್ತಿದ್ದದ್ದು, 2017ರಲ್ಲೇ ಹೀಗೆ 17 ಈಡು ಹೊತ್ತಿರಲಿಲ್ಲ. "ಥೂ ಇದರ" ಅನ್ನುತ್ತಾ ಇನ್ನೊಂದು ಕೇಪು ಇಡಲು ನಳಿಗೆ ಕೆಳಗಿಳಿಸಿದೆ. ಆಗ ಹಾರಿತು.

ಚರೆ ಮಗನ ಪಕ್ಕದ ಎರಡು ಸಾಲು ಜೋಳದ ದಂಟು ಕತ್ತರಿಸಿಕೊಂಡು ಹೋಯಿತು. ಅವನ ಕೈಯಿಂದ ಬ್ಯಾಟರಿ ಬಿತ್ತು, ದೀಪ ಆರಿತು. ನಾನು ಕೂಗಿದೆ. ಅವನು ಉತ್ತರ ಕೊಡಲಿಲ್ಲ. ಅಟ್ಟಣಿಗೆ ಇಳಿದು ಅವನ ಹತ್ತಿರ ಹೋಗುವ ತನಕ ಏನೇನು ಅಂದುಕೊಂಡೆ ಅಂತ ಬರೆಯಲು ನನಗೆ ಬರುವುದಿಲ್ಲ. ಅವನು ನೆಲದ ಮೇಲೆ ಕೂತಿದ್ದ. ಏನೂ ಆಗಿರಲಿಲ್ಲ, ಕಿವಿ ಮಾತ್ರ ಗುಂಯ್ ಅಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: "ಅಪ್ಪ, ಹಂದಿ ತಿನ್ನಲಿ ಬಿಡು."

ಹೊತ್ತದ ಈಡು ಸತ್ತ ಈಡಲ್ಲ. ತಂಪು ಹಿಡಿದ ಮದ್ದು ಒಳಗೇ ಕನಿಯುತ್ತಾ ತಡವಾಗಿ ಹಾರಬಹುದು. ಹೊತ್ತದಿದ್ದರೆ ನಳಿಗೆಯನ್ನು ಜನ ಇಲ್ಲದ ಕಡೆಗೇ ಹಿಡಿದುಕೊಂಡು ಬಹಳ ಹೊತ್ತು ಹಾಗೆಯೇ ಇರಬೇಕು ಅಂತ ಅಪ್ಪ ನೂರು ಸಲ ಹೇಳಿದ್ದರು. ಗೊತ್ತಿದ್ದೂ ತಪ್ಪಿದೆ. ನಿದ್ದೆಗೆಟ್ಟ ಮನುಷ್ಯನಿಗೆ ಗೊತ್ತಿರುವುದು ಕೆಲಸಕ್ಕೆ ಬರುವುದಿಲ್ಲ. ಕಾರ್ಖಾನೆಯ ತೋಟೆ ಹೀಗೆ ತಡವಾಗಿ ಹಾರುವುದು ಬಹಳ ಅಪರೂಪ. ಭಾವನ 80 ರೂಪಾಯಿಯಲ್ಲಿ ಆ ಭರವಸೆಗೂ ಒಂದು ಪಾಲಿತ್ತು ಅಂತ ನನಗೆ ಆಗ ಗೊತ್ತಾಯಿತು.

ಬೇಲಿಯ ಲೆಕ್ಕ

2020ರಲ್ಲಿ ತೋಪಿನ ಅಂಚಿನ ಐದು ಜನ ರೈತರು ಸೇರಿ 1,400 ಮೀಟರ್ ಸೋಲಾರ್ ಬೇಲಿ ಹಾಕಿದೆವು, ಊರಲ್ಲಿ ಐಬೆಕ್ಸ್ ಬೇಲಿ ಅನ್ನುತ್ತಾರಲ್ಲ, ಅದು. ಗೂಟ ನಮ್ಮದೇ. ತಂತಿ, ಯಂತ್ರ, ಸೋಲಾರ್ ಹಲಗೆ, ಬ್ಯಾಟರಿ, ಕೂಲಿ ಸೇರಿ 1,10,000. ತಲೆಗೆ 22,000. ಎಂಟು ವರ್ಷ ಬಾಳುತ್ತದೆ ಅಂತ ಹಿಡಿದರೆ ವರ್ಷಕ್ಕೆ 2,750. ಬ್ಯಾಟರಿ 6,000 ರೂಪಾಯಿಯದು, ನಾಲ್ಕು ವರ್ಷಕ್ಕೆ ಒಮ್ಮೆ, ನನ್ನ ಪಾಲು ವರ್ಷಕ್ಕೆ 300. ತಂತಿಗೆ ಕಂಟಿ, ಬಳ್ಳಿ ತಾಗದಂತೆ ಸವರಲು ವರ್ಷಕ್ಕೆ ನನ್ನ ನಾಲ್ಕು ಆಳು, ಈಗಿನ 500ರ ದರದಲ್ಲಿ 2,000. ಒಟ್ಟು 5,050.

ಇದನ್ನು 2017ರ ಕೋವಿ ಖರ್ಚು 3,138ರ ಪಕ್ಕ ಇಟ್ಟರೆ ಕೋವಿಯೇ ಅಗ್ಗ. ಮುಚ್ಚಿಡುವುದಿಲ್ಲ. ನಿದ್ದೆಗೆ ಬೆಲೆ ಇಲ್ಲ ಅನ್ನುವವರಿಗೆ, ಮನೆಯಲ್ಲಿ ಕಾಯುವ ಆಳು ಬೇಕಾದಷ್ಟಿರುವವರಿಗೆ ಕೋವಿ ಅಗ್ಗ. ನಿದ್ದೆ ಲೆಕ್ಕಕ್ಕೆ ಹಿಡಿದರೆ 15,738 ಎಲ್ಲಿ, 5,050 ಎಲ್ಲಿ. ಬೆಳೆಯನ್ನು ಹಿಡಿದರೆ, 2021ರಲ್ಲಿ ಹಂದಿಗೆ ಹೋದದ್ದು ಒಂದೇ ಕ್ವಿಂಟಾಲ್. ಉಳಿದ 3 ಕ್ವಿಂಟಾಲನ್ನು ನಾನು 1,700ರಂತೆ ಮಾರಿದೆ, 5,100. ಬೇಲಿಯ ವರ್ಷದ ಖರ್ಚು ಅದರಲ್ಲೇ ಬಂತು. 2022ರಲ್ಲಿ ಮಾತ್ರ ಸೋತೆವು. ಐದು ಜನರ ಬೇಲಿ ಅಂದರೆ ಯಾರದೂ ಅಲ್ಲದ ಬೇಲಿ. ಬಳ್ಳಿ ಹಬ್ಬಿ ಝಟಕಾ ಸತ್ತು, 3 ಕ್ವಿಂಟಾಲ್ ಹೋಯಿತು. ಈಗ ವಾರಕ್ಕೊಬ್ಬರು ಪಾಳಿ ಹಾಕಿಕೊಂಡಿದ್ದೇವೆ. ಪಾಳಿ ತಪ್ಪಿದವರು 100 ರೂಪಾಯಿ ಕೊಡಬೇಕು, ನಾನೇ ಎರಡು ಸಲ ಕೊಟ್ಟಿದ್ದೇನೆ. ಬೇಲಿಗೆ ಮನೆ ಕರೆಂಟು ನೇರ ಕೊಡುವವರಿದ್ದಾರೆ. ಅದು ಹಂದಿಯನ್ನೂ ಕೊಲ್ಲುತ್ತದೆ, ಬೆಳಗ್ಗೆ ಗದ್ದೆಗೆ ಬಂದ ಪಕ್ಕದವನನ್ನೂ ಕೊಲ್ಲುತ್ತದೆ. ಯಂತ್ರ ಇಲ್ಲದೆ ಬೇಲಿ ಬೇಡ.

ಹಂದಿ ತಿಂದ ಬೆಳೆಗೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಹಾಕುವವರು ತಿಂದ ಮಾರನೇ ದಿನವೇ ಫೋಟೊ ತೆಗೆದಿಡಿ, ಪಹಣಿ ಜೊತೆಗಿರಲಿ.

ಕೋವಿ ಏನಾಯಿತು?

ಬೇಲಿ ಹಾಕಿದ ವರ್ಷವೇ ಲೈಸೆನ್ಸ್ ನವೀಕರಣವೂ ಬಂದಿತ್ತು. ಮೊದಲು ಮೂರು ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯಿಂದ ಐದು ವರ್ಷ ಆಗಿದೆ. ಬೇಲಿ ನಂಬಿಕೆ ಬಂದಿರಲಿಲ್ಲ, ಅಪ್ಪನ ಕೋವಿ ಬೇರೆ. ನವೀಕರಿಸಿದೆ. ಆದರೆ ಹಾರಿಸಲಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕಲ್ಲುಕ್ವಾರಿಯ ಸ್ಫೋಟಕ ಸಿಡಿದು ಜನ ಸತ್ತರಲ್ಲ, ಮರುದಿನ ಹೆಂಡತಿ ಅಟ್ಟದ ಮೇಲಿನ ಮದ್ದಿನ ಡಬ್ಬಿ ಮನೆಯಲ್ಲಿ ಇರಕೂಡದು ಅಂತ ಹಟ ಹಿಡಿದಳು. ಇದ್ದದ್ದು ಒಂದು ಹಿಡಿ, ಅದೂ ತಂಪು ಹಿಡಿದದ್ದು. ಆದರೂ ಅವಳ ಮಾತು ಸರಿ, ಒಲೆ ಇರುವ ಮನೆ. ಅಂಗಡಿಯವರಿಗೇ ಒಪ್ಪಿಸಿ ಬಂದೆ.

2025ರಲ್ಲಿ ಮತ್ತೆ ನವೀಕರಣ ಬಂತು. ಮಗನನ್ನು ಕೇಳಿದೆ, ನಿನ್ನ ಹೆಸರಿಗೆ ಮಾಡಿಸಲಾ ಅಂತ. "ಬೇಡಪ್ಪ" ಅಂದ, ಅಷ್ಟೇ. ಅವಧಿ ಮುಗಿಯುವ ಮೊದಲೇ ಲೈಸೆನ್ಸ್ ಇರುವ ಮದ್ದುಗುಂಡಿನ ಅಂಗಡಿಯಲ್ಲಿ ಕೋವಿ ಜಮಾ ಮಾಡಿ ರಸೀತಿ ತಂದಿದ್ದೇನೆ. ಅವಧಿ ಮುಗಿದ ಕೋವಿ ಮನೆಯಲ್ಲಿಟ್ಟುಕೊಂಡರೆ ಅದೇ ಒಂದು ಕೇಸು, ಇದು ನೆನಪಿರಲಿ. ಆಯುಧಪೂಜೆ ದಿನ ಕೋವಿ ಇಡುತ್ತಿದ್ದ ಮಣೆಯ ಮೇಲೆ ಹೆಂಡತಿ ಈ ಸಲ ಕುಡುಗೋಲು, ಬೇಲಿಯ ಟೆಸ್ಟರ್ ಇಟ್ಟಿದ್ದಳು.

ಭಾವ ತೋಟೆ ಕೋವಿ ಇಟ್ಟುಕೊಂಡಿದ್ದಾರೆ. ಅವರ ಗದ್ದೆಯ ಮೂರು ಕಡೆ ಕಾಡು, ಬೇಲಿ ಉದ್ದ ಹೆಚ್ಚು, ಜೊತೆಗೆ ಬರುವ ಪಕ್ಕದವರಿಲ್ಲ. ವರ್ಷಕ್ಕೆ ಹತ್ತು ಹದಿನೈದು ತೋಟೆ, ಅಷ್ಟೇ ಖರ್ಚು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಕೋವಿ ಇಡಲೇಬೇಕಾದವರು ತೋಟೆಯದನ್ನೇ ಇಡಿ, ಕಾರ್ಖಾನೆಯದನ್ನೇ ಕೊಳ್ಳಿ, ಕಡಿಮೆ ಹಾರಿಸಿ ಅಂತ ಅಣ್ಣನ ಮಗನಿಗೆ ಹೇಳಿದ್ದೇನೆ. ಅವನು ಈಗ ಬೇಲಿಯ ದರ ವಿಚಾರಿಸುತ್ತಿದ್ದಾನೆ.

ಮಂಗ, ನವಿಲಿಗೆ ಮಾತ್ರ ಬೇಲಿಯೂ ಇಲ್ಲ, ಕೋವಿಯೂ ಇಲ್ಲ. ಬಿತ್ತಿದ ನಾಲ್ಕನೇ ದಿನ ನವಿಲು ಸಾಲು ಹಿಡಿದು ಬೀಜ ಹೆಕ್ಕುತ್ತದೆ. ಇದಕ್ಕೆ ನನ್ನ ಪುಸ್ತಕದಲ್ಲಿ ನಷ್ಟದ ಕಾಲಂ ಮಾತ್ರ ಇದೆ. ಏನಾದರೂ ಮಾಡಿ ಗೆದ್ದವರು ಇದ್ದರೆ ಖರ್ಚಿನ ಲೆಕ್ಕದ ಸಮೇತ ಪತ್ರಿಕೆಗೆ ಬರೆಯಿರಿ.